ಒಂದೇ ಕಾಂಪೌಂಡಿನೊಳಗೆ: ಎನ್‌ಬಿಎ ಪ್ಲೇಆಫ್ ನಿಂತುಹೋದ ಮೂರು ದಿನಗಳು

ಪ್ರಕರಣದ ಅವಧಿ ಮೂರು ದಿನ: 2020ರ ಆಗಸ್ಟ್ 26, 27 ಮತ್ತು 28. ಸ್ಥಳ, ಅಮೆರಿಕದ ಫ್ಲೋರಿಡಾ ರಾಜ್ಯದ ಓರ್ಲ್ಯಾಂಡೊ ಬಳಿ ಇರುವ ವಾಲ್ಟ್ ಡಿಸ್ನಿ ವರ್ಲ್ಡ್‌ನ ಆವರಣ. ಅಲ್ಲಿ ನಡೆಯುತ್ತಿದ್ದುದು ಜಗತ್ತಿನ ಅತ್ಯಂತ ಶ್ರೀಮಂತ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್. ಕಪ್ಪು ವ್ಯಕ್ತಿಯೊಬ್ಬರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಪ್ರತಿಭಟಿಸಿ ಮಿಲ್ವಾಕೀ ಬಕ್ಸ್ ತಂಡದ ಆಟಗಾರರು ಡ್ರೆಸಿಂಗ್ ರೂಮಿನಿಂದ ಹೊರಗೆ ಬರಲಿಲ್ಲ. ಕೆಲವೇ ಗಂಟೆಗಳಲ್ಲಿ ಇಡೀ ಟೂರ್ನಿ ನಿಂತಿತು.

ಕೊರೊನಾ ಕಾಲದ ಕ್ರೀಡೆಯ ಮಾತು ಬಂದಾಗಲೆಲ್ಲ ಓರ್ಲ್ಯಾಂಡೊದ ‘ಬಬಲ್’ (ಹೊರಗಿನ ಸಂಪರ್ಕ ಕಡಿದ ಆವರಣ) ಅನ್ನು ಆರೋಗ್ಯ ನಿರ್ವಹಣೆಯ ಯಶೋಗಾಥೆಯಾಗಿ ಹೇಳುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ನನಗೆ ಈ ಪ್ರಕರಣದಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಬೇರೆಯದೇ ಸಂಗತಿ. ಸೋಂಕನ್ನು ಹೊರಗಿಡಲು ಲೀಗ್ ಎತ್ತಿದ ಗೋಡೆಯೇ, ಯಾವತ್ತೂ ಒಂದೆಡೆ ಸೇರದ ನೂರಾರು ಆಟಗಾರರನ್ನು ಒಂದೇ ಆವರಣದಲ್ಲಿ ಸೇರಿಸಿಬಿಟ್ಟಿತು. ಅದರ ಪರಿಣಾಮವನ್ನು ಯೋಜನೆ ಮಾಡಿದವರು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಿನ್ನೆಲೆ

ಎನ್‌ಬಿಎಯಲ್ಲಿ 30 ತಂಡಗಳಿವೆ. ಈಸ್ಟ್ ಮತ್ತು ವೆಸ್ಟ್ ಎಂಬ ಎರಡು ವಿಭಾಗಗಳಲ್ಲಿ ಪ್ರತಿ ತಂಡವೂ ಸಾಮಾನ್ಯವಾಗಿ 82 ಲೀಗ್ ಪಂದ್ಯಗಳನ್ನು ಆಡುತ್ತದೆ. ಬಳಿಕ ವಿಭಾಗಕ್ಕೆ ಎಂಟರಂತೆ 16 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ನಾಲ್ಕು ಸುತ್ತು, ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಮೇಲಿನ ಕ್ರಮಾಂಕದ ತಂಡಕ್ಕೆ ಮೊದಲ, ಎರಡನೆಯ, ಐದನೆಯ ಮತ್ತು ಏಳನೆಯ ಪಂದ್ಯಗಳು ತವರಿನಲ್ಲಿ. ಆರು ತಿಂಗಳು ಬೆವರು ಹರಿಸಿದ್ದಕ್ಕೆ ಸಿಗುವ ಕೂಲಿ ಇದೊಂದೇ ಎಂದರೂ ನಡೆಯುತ್ತದೆ.

ಕೂಲಿಯ ಮಾತು ಬಂದದ್ದರಿಂದ ಹಣದ ವಿಷಯವನ್ನೂ ಹೇಳಿಬಿಡಬೇಕು. ಆಟಗಾರರ ಸಂಬಳ ಲೀಗ್ ಹಂತದ ಪಂದ್ಯಗಳಿಗೆ ಮಾತ್ರ. ಪ್ಲೇಆಫ್‌ನಲ್ಲಿ ಅವರಿಗೆ ಸಿಗುವುದು ತಂಡಗಳಿಗೆ ಹಂಚುವ ಬಹುಮಾನ ನಿಧಿಯ ಪಾಲು. ತಾರೆಗಳ ವಾರ್ಷಿಕ ಸಂಬಳದ ಮುಂದೆ ಅದು ಚಿಲ್ಲರೆ. ಲೀಗಿನ ಮಟ್ಟಿಗೆ ಮಾತ್ರ ಪ್ಲೇಆಫ್ ಎಂದರೆ ಸುಗ್ಗಿ. ಆ ಹೊತ್ತಿಗೆ ಇಎಸ್‌ಪಿಎನ್ ಮತ್ತು ಟರ್ನರ್ ಸಂಸ್ಥೆಗಳೊಂದಿಗೆ ಒಂಬತ್ತು ವರ್ಷಗಳಿಗೆ 2,400 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಚಾಲ್ತಿಯಲ್ಲಿತ್ತು. ಒಟ್ಟು ಆದಾಯದ ಅರ್ಧದಷ್ಟು ಆಟಗಾರರ ಸಂಬಳಕ್ಕೆ ಹೋಗುವ ಪದ್ಧತಿ ಇರುವುದರಿಂದ, ಪ್ಲೇಆಫ್ ನಡೆಯದಿದ್ದರೆ ಮುಂದಿನ ವರ್ಷಗಳ ಸಂಬಳಕ್ಕೂ ಕತ್ತರಿ ಬೀಳುತ್ತಿತ್ತು. ಜೊತೆಗೆ, ಸಾಂಕ್ರಾಮಿಕ ರೋಗದಂಥ ವಿಪತ್ತಿನಲ್ಲಿ ಆಟಗಾರರ ಜೊತೆಗಿನ ಸಾಮೂಹಿಕ ಒಪ್ಪಂದವನ್ನೇ ಮುರಿಯುವ ಹಕ್ಕು ಲೀಗಿಗಿತ್ತು. ಆಟಗಾರರ ಸಂಘ ಮಾತುಕತೆಗೆ ಕುಳಿತದ್ದು ಈ ಕತ್ತಿಯ ಕೆಳಗೆ.

2020ರ ಮಾರ್ಚ್ 11ರಂದು ಒಕ್ಲಹೋಮಾ ಸಿಟಿಯಲ್ಲಿ ಪಂದ್ಯ ಶುರುವಾಗುವ ಮುನ್ನ ಯೂಟಾ ಜಾಝ್‌ನ ರೂಡಿ ಗೋಬೇರ್‌ಗೆ ಸೋಂಕು ಇರುವುದು ಗೊತ್ತಾಯಿತು. ಅದೇ ರಾತ್ರಿ ಲೀಗನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಯಿತು. ಜೂನ್ 4ರಂದು ತಂಡಗಳ ಮಾಲೀಕರ ಮಂಡಳಿ 29–1 ಮತಗಳಿಂದ ಹೊಸ ಯೋಜನೆಯನ್ನು ಒಪ್ಪಿತು: 22 ತಂಡಗಳು ಡಿಸ್ನಿ ಆವರಣಕ್ಕೆ ಬರಬೇಕು, ತಲಾ ಎಂಟು ಪಂದ್ಯ ಆಡಬೇಕು, ಆಮೇಲೆ ಎಂದಿನಂತೆ ಪ್ಲೇಆಫ್. ಎಂಟೇ ಏಕೆ? ಅಷ್ಟರಲ್ಲಿ ತಂಡಗಳು 63ರಿಂದ 67 ಪಂದ್ಯಗಳನ್ನು ಆಡಿ ಮುಗಿಸಿದ್ದವು. ಪ್ರಾದೇಶಿಕ ಟಿವಿ ವಾಹಿನಿಗಳ ಜೊತೆಗಿನ ಕರಾರಿಗೆ 70 ಪಂದ್ಯಗಳ ಗಡಿ ಮುಖ್ಯವಾಗಿತ್ತು ಎಂದು ಆಗ ವ್ಯಾಪಕವಾಗಿ ವರದಿಯಾಗಿತ್ತು. ಕೂಡಿಸಿ ನೋಡಿದರೆ ಲೆಕ್ಕ ತಾನಾಗಿಯೇ ತಿಳಿಯುತ್ತದೆ.

ಗೋಡೆಯೊಳಗಿನ ಜೀವನ

ಜುಲೈ ಎರಡನೆಯ ವಾರದ ಹೊತ್ತಿಗೆ ತಂಡಗಳು ಬಂದಿಳಿದವು. ಮೂರು ಹೋಟೆಲ್‌ಗಳು, ಮೂರು ಒಳಾಂಗಣ ಅಂಕಣಗಳು. ಪ್ರತಿದಿನ ಸೋಂಕು ಪರೀಕ್ಷೆ. ಕೋಣೆಯ ಬಾಗಿಲು ತೆರೆಯುವುದರಿಂದ ಹಿಡಿದು ಎಲ್ಲಕ್ಕೂ ಕೈಗೆ ಕಟ್ಟಿದ ಪಟ್ಟಿ. ನಿಯಮ ಮುರಿದವರ ಬಗ್ಗೆ ಗುಟ್ಟಾಗಿ ದೂರು ಹೇಳಲು ಒಂದು ಫೋನ್ ಸಂಖ್ಯೆಯೂ ಇತ್ತು. ಸ್ಯಾಕ್ರಮೆಂಟೊ ಕಿಂಗ್ಸ್‌ನ ರಿಷಾನ್ ಹೋಮ್ಸ್ ತಾನು ತರಿಸಿದ್ದ ಊಟವನ್ನು ತೆಗೆದುಕೊಳ್ಳಲು ಗಡಿರೇಖೆ ದಾಟಿ ಮತ್ತೆ ಕ್ವಾರಂಟೈನ್ ಸೇರಿದರು. ಮಯಾಮಿ ಹೀಟ್‌ನ ಜಿಮ್ಮಿ ಬಟ್ಲರ್ ತನ್ನ ಹೋಟೆಲ್ ಕೋಣೆಯಲ್ಲೇ ಕಾಫಿ ಮಾಡಿ ಕಪ್ಪಿಗೆ 20 ಡಾಲರ್‌ನಂತೆ ಮಾರಿದರು. ಆಗ ತಮಾಷೆಯೆನಿಸಿದ ಆ ಕಾಫಿ ಈಗ ಒಂದು ಬ್ರಾಂಡ್.

ಹಾಸ್ಯ ಅಷ್ಟಕ್ಕೇ ಮುಗಿಯುತ್ತದೆ. ಪ್ಲೇಆಫ್‌ನ ಮೊದಲ ಸುತ್ತು ಮುಗಿಯುವವರೆಗೂ ಹೆಂಡತಿ ಮಕ್ಕಳಿಗೆ ಆವರಣದೊಳಕ್ಕೆ ಪ್ರವೇಶವಿರಲಿಲ್ಲ. ಆಗಸ್ಟ್ ಕೊನೆಯ ವಾರದ ಹೊತ್ತಿಗೆ ಆಟಗಾರರು ಏಳು ವಾರಗಳಿಂದ ಅಲ್ಲಿದ್ದರು. ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ತಂಡದ ಪಾಲ್ ಜಾರ್ಜ್ ತಾನು ಆತಂಕ ಮತ್ತು ಖಿನ್ನತೆಗೆ ಸಿಲುಕಿದ್ದುದನ್ನು ಪತ್ರಕರ್ತರ ಮುಂದೆ ಬಾಯಿಬಿಟ್ಟು ಹೇಳಿದರು. ಆಟ ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ ಆಟವೂ ಕೈಕೊಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು?

ವ್ಯವಸ್ಥೆ ಮಾತ್ರ ಬಿಗಿಯಾಗಿತ್ತು. ಕ್ವಾರಂಟೈನ್ ಮುಗಿಸಿ ಒಳಸೇರಿದ ಆಟಗಾರರಲ್ಲಿ ಕೊನೆಯವರೆಗೂ ಒಬ್ಬರಿಗೂ ಸೋಂಕು ತಗುಲಲಿಲ್ಲ. ನಮ್ಮ ಐಪಿಎಲ್‌ ಕಂಡವರಿಗೆ ಇದರ ಬೆಲೆ ಗೊತ್ತು. ಅದೇ ವರ್ಷ ಯುಎಇಯ ಮೂರು ನಗರಗಳಲ್ಲಿ ಟೂರ್ನಿ ಸುಸೂತ್ರವಾಗಿ ಮುಗಿಯಿತು. ಆರ್‌ಸಿಬಿ ಪ್ಲೇಆಫ್ ತಲುಪಿ ಎಲಿಮಿನೇಟರ್‌ನಲ್ಲಿ ಎಂದಿನಂತೆ ನಮ್ಮ ಎದೆ ಒಡೆಯಿತು. ಮರುವರ್ಷ ಭಾರತದಲ್ಲೇ ಊರಿಂದೂರಿಗೆ ಬಬಲ್ ಹೊತ್ತು ತಿರುಗಲು ಹೋಗಿ 2021ರ ಮೇ 4ರಂದು ಟೂರ್ನಿಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಓರ್ಲ್ಯಾಂಡೊದಲ್ಲಿ ಕಳೆದುಹೋದದ್ದು ತವರಿನ ಅನುಕೂಲ. ಎಲ್ಲರಿಗೂ ಒಂದೇ ಅಂಕಣ. ಪ್ರೇಕ್ಷಕರ ಜಾಗದಲ್ಲಿ ಪರದೆಯ ಮೇಲೆ ಮೂಡುವ ಮುಖಗಳು, ಮುದ್ರಿಸಿಟ್ಟ ಗದ್ದಲ. 56 ಗೆಲುವು, 17 ಸೋಲಿನೊಂದಿಗೆ ಲೀಗಿನಲ್ಲೇ ಮೊದಲ ಸ್ಥಾನ ಪಡೆದಿದ್ದ ಮಿಲ್ವಾಕೀ ಬಕ್ಸ್‌ಗೆ ಅದರಿಂದ ಸಿಕ್ಕಿದ್ದು ಎದುರಾಳಿ ಎಂಟನೆಯ ಕ್ರಮಾಂಕದ ತಂಡ ಎಂಬ ಲಾಭ ಮಾತ್ರ.

ಒಪ್ಪಿ ಬಂದವರು, ಒಪ್ಪದೆ ಉಳಿದವರು

ಜೂನ್‌ನಲ್ಲೇ ಆಟಗಾರರಲ್ಲಿ ಎರಡು ಬಣಗಳಾಗಿದ್ದವು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಪ್ರಾಣಬಿಟ್ಟ ಮೇಲೆ ಅಮೆರಿಕದ ಬೀದಿಗಳು ಹೊತ್ತಿ ಉರಿಯುತ್ತಿದ್ದವು. ಎನ್‌ಬಿಎ ಆಟಗಾರರಲ್ಲಿ ಬಹುಪಾಲು ಕಪ್ಪು ಜನರು. ಇಂಥ ಹೊತ್ತಿನಲ್ಲಿ ಮನರಂಜನೆ ಒದಗಿಸಲು ಹೋಗಿ ಜನರ ಗಮನವನ್ನು ಬೇರೆಡೆಗೆ ತಿರುಗಿಸುವುದು ಸರಿಯೇ ಎಂದು ಬ್ರೂಕ್ಲಿನ್ ನೆಟ್ಸ್ ತಂಡದ ಕೈರಿ ಇರ್ವಿಂಗ್ ಮತ್ತಿತರರು ಕೇಳಿದರು. ಲಾಸ್ ಏಂಜಲಿಸ್ ಲೇಕರ್ಸ್ ತಂಡದ ಏವರಿ ಬ್ರಾಡ್ಲಿ ಓರ್ಲ್ಯಾಂಡೊಗೆ ಬರಲಿಲ್ಲ. ಮಗನ ಆರೋಗ್ಯದ ಕಾರಣವನ್ನು ಅವರು ನೀಡಿದರಾದರೂ ಬ್ರಾಡ್ಲಿ ಕೂಡ ಈ ಪ್ರಶ್ನೆಗಳನ್ನು ಎತ್ತಿದವರೇ. ಆಡಿದರೆ ವೇದಿಕೆ ಸಿಗುತ್ತದೆ, ಆ ವೇದಿಕೆಯಿಂದಲೇ ಮಾತಾಡೋಣ ಎಂಬುದು ಇನ್ನೊಂದು ಬಣದ ವಾದ. ಅದು ಗೆದ್ದಿತು.

ಲೀಗ್ ಉದಾರವಾಗಿಯೇ ನಡೆದುಕೊಂಡಿತು. ಅಂಕಣದ ನೆಲದ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಎಂದು ಬರೆಸಿತು. ಜೆರ್ಸಿಯ ಬೆನ್ನ ಮೇಲೆ ಹೆಸರಿನ ಜಾಗದಲ್ಲಿ ಘೋಷಣೆ ಹಾಕಿಕೊಳ್ಳಲು ಅನುಮತಿಸಿತು. ಆದರೆ ಸಂಘ ಮತ್ತು ಲೀಗ್ ಸೇರಿ ಒಪ್ಪಿದ ಪಟ್ಟಿಯಿಂದಲೇ ಆರಿಸಬೇಕು. ಅರ್ಜಿ ನಮೂನೆ ತುಂಬಿ ಸಿಟ್ಟನ್ನು ಮಂಜೂರು ಮಾಡಿಸಿಕೊಂಡಂತಿತ್ತು ಈ ಏರ್ಪಾಡು. ಲೇಕರ್ಸ್ ತಾರೆ ಲೆಬ್ರಾನ್ ಜೇಮ್ಸ್ ಆ ಪಟ್ಟಿಯಿಂದ ಏನನ್ನೂ ಆರಿಸದೆ ತನ್ನ ಹೆಸರನ್ನೇ ಉಳಿಸಿಕೊಂಡರು.

ಆಗಸ್ಟ್ 26

ಆಗಸ್ಟ್ 23ರ ಭಾನುವಾರ ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಜೇಕಬ್ ಬ್ಲೇಕ್ ಎಂಬ ಕಪ್ಪು ವ್ಯಕ್ತಿಯ ಮೇಲೆ ಹಿಂದಿನಿಂದ ಏಳು ಗುಂಡು ಹಾರಿಸಿದರು. ಅವರ ಮಕ್ಕಳು ಕಾರಿನೊಳಗಿದ್ದರು. ಬ್ಲೇಕ್ ಬದುಕುಳಿದರು, ಆದರೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕೆನೋಶಾ ಮಿಲ್ವಾಕೀಯಿಂದ ಸುಮಾರು 60 ಕಿಲೋಮೀಟರ್ ದೂರದ ಊರು. ಬಕ್ಸ್ ಆಟಗಾರರಿಗೆ ಇದು ಟಿವಿಯಲ್ಲಿ ಕಂಡ ಎಲ್ಲಿಯದೋ ಸುದ್ದಿಯಾಗಿರಲಿಲ್ಲ. ತಂಡದ ಸ್ಟರ್ಲಿಂಗ್ ಬ್ರೌನ್ ಅವರ ಮೇಲೆಯೇ 2018ರಲ್ಲಿ ಕಾರು ನಿಲುಗಡೆಯ ತಕರಾರಿಗೆ ಮಿಲ್ವಾಕೀ ಪೊಲೀಸರು ವಿದ್ಯುತ್ ಆಘಾತ ನೀಡುವ ಟೇಸರ್ ಬಳಸಿದ್ದರು.

ಮರುದಿನವೇ ತಂಡದ ಹಿರಿಯ ಆಟಗಾರ ಜಾರ್ಜ್ ಹಿಲ್, ನಾವು ಈ ಜಾಗಕ್ಕೆ ಬರಲೇಬಾರದಿತ್ತು ಎಂಬ ಅರ್ಥದ ಮಾತನ್ನು ಪತ್ರಕರ್ತರ ಮುಂದೆ ಆಡಿದ್ದರು. ಬುಧವಾರ, ಆಗಸ್ಟ್ 26ರಂದು ಸಂಜೆ 4ಕ್ಕೆ (ನಮ್ಮಲ್ಲಿ ಆಗ ಗುರುವಾರ ನಸುಕಿನ ಒಂದೂವರೆ) ಬಕ್ಸ್ ಮತ್ತು ಓರ್ಲ್ಯಾಂಡೊ ಮ್ಯಾಜಿಕ್ ನಡುವಿನ ಐದನೆಯ ಪಂದ್ಯ. ಬಕ್ಸ್ 3–1ರಿಂದ ಮುಂದಿತ್ತು. ಗೆದ್ದರೆ ಎರಡನೆಯ ಸುತ್ತು. ಹಿಲ್ ತಾನು ಆಡುವುದಿಲ್ಲ ಎಂದರು. ಬ್ರೌನ್ ಜೊತೆಗೂಡಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ತಂಡ ಅವರ ಹಿಂದೆ ನಿಂತಿತು. ಅಂಕಣದಲ್ಲಿ ಅಭ್ಯಾಸ ಮಾಡುತ್ತಿದ್ದ ಮ್ಯಾಜಿಕ್ ಆಟಗಾರರು ಎದುರಿನ ಅರ್ಧ ಖಾಲಿ ಇರುವುದನ್ನು ಕಂಡು, ಪಂದ್ಯಕ್ಕೆ ಕೆಲವೇ ನಿಮಿಷಗಳಿರುವಾಗ ತಾವೂ ಒಳಗೆ ಹೋದರು.

ಇಲ್ಲೊಂದು ಮುಖ್ಯ ಘಟ್ಟವಿದೆ. ನಿಯಮದ ಪ್ರಕಾರ ಬಾರದ ತಂಡ ಸೋತಂತೆ. ಆದರೆ ಎದುರಾಳಿ ಕೈಬಿಟ್ಟ ಗೆಲುವನ್ನು ತೆಗೆದುಕೊಳ್ಳಲು ಮ್ಯಾಜಿಕ್ ನಿರಾಕರಿಸಿತು. 3–1ರಿಂದ ಹಿಂದಿದ್ದ, ಇನ್ನೊಂದು ಸೋಲಿಗೆ ಮನೆಗೆ ಹೋಗುವ ತಂಡಕ್ಕೆ ಪುಕ್ಕಟೆ ಗೆಲುವು ಸಣ್ಣ ಆಮಿಷವಲ್ಲ. ಆ ದಿನದ ಬಗ್ಗೆ ಬರೆದವರೆಲ್ಲ ಬಕ್ಸ್ ತಂಡವನ್ನು ಕೊಂಡಾಡಿದ್ದಾರೆ. ಮ್ಯಾಜಿಕ್ ಆಟಗಾರರಿಗೂ ಅಷ್ಟೇ ಪಾಲು ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಅವರು ಅಂಕಣದಲ್ಲೇ ನಿಂತಿದ್ದರೆ ಇದು ಒಂದು ತಂಡದ ಶಿಸ್ತಿನ ಪ್ರಕರಣವಾಗಿ ಮುಗಿಯುತ್ತಿತ್ತು.

ಬಕ್ಸ್ ಆಟಗಾರರು ಡ್ರೆಸಿಂಗ್ ರೂಮಿನಲ್ಲಿ ಮೂರು ಗಂಟೆಗೂ ಹೆಚ್ಚು ಹೊತ್ತು ಕುಳಿತರು. ಅಲ್ಲಿಂದಲೇ ವಿಸ್ಕಾನ್ಸಿನ್‌ನ ಅಟಾರ್ನಿ ಜನರಲ್ ಜೋಶ್ ಕೌಲ್ ಮತ್ತು ಲೆಫ್ಟಿನೆಂಟ್ ಗವರ್ನರ್ ಮಂಡೇಲಾ ಬಾರ್ನ್ಸ್ ಜೊತೆ ಫೋನಿನಲ್ಲಿ ಮಾತನಾಡಿದರು. ಹೊರಬಂದಾಗ ಹಿಲ್ ಮತ್ತು ಬ್ರೌನ್ ಹೇಳಿಕೆ ಓದಿದರು. ಅಂಕಣಕ್ಕಿಳಿದಾಗ ನಮ್ಮಿಂದ ಪೂರ್ಣ ಶ್ರಮವನ್ನೂ ಹೊಣೆಗಾರಿಕೆಯನ್ನೂ ನಿರೀಕ್ಷಿಸುತ್ತೀರಿ, ಅದನ್ನೇ ನಾವು ಶಾಸಕರಿಂದ ಮತ್ತು ಪೊಲೀಸರಿಂದ ಕೇಳುತ್ತಿದ್ದೇವೆ ಎಂಬುದು ಅದರ ತಿರುಳು. ತಿಂಗಳುಗಳಿಂದ ಸುಮ್ಮನಿರುವ ವಿಸ್ಕಾನ್ಸಿನ್ ಶಾಸನಸಭೆ ಮತ್ತೆ ಸೇರಬೇಕು ಎಂಬ ನಿರ್ದಿಷ್ಟ ಬೇಡಿಕೆಯೂ ಇತ್ತು.

ಅಷ್ಟರಲ್ಲಿ ಅದೇ ದಿನದ ಇನ್ನೆರಡು ಪಂದ್ಯಗಳೂ ನಿಂತಿದ್ದವು. ಲೀಗಿನ ಪ್ರಕಟಣೆ ಅವನ್ನು ‘ಮುಂದೂಡಲಾಗಿದೆ’ ಎಂದಿತು. ಸಾಮೂಹಿಕ ಒಪ್ಪಂದದಲ್ಲಿ ಮುಷ್ಕರಕ್ಕೆ ನಿಷೇಧವಿದೆ. ಕಮಿಷನರ್ ಆ್ಯಡಂ ಸಿಲ್ವರ್ ಆ ಕಲಮನ್ನು ಮುಟ್ಟಲಿಲ್ಲ. ದಂಡವಿಲ್ಲ, ನೋಟಿಸಿಲ್ಲ. ಆಟಗಾರರೇ ಇಲ್ಲದ ಮೇಲೆ ಕಲಮು ಹಿಡಿದು ಯಾರನ್ನು ಆಡಿಸುವುದು ಎಂಬ ಪ್ರಾಯೋಗಿಕ ಬುದ್ಧಿ ಅವರಿಗಿತ್ತು. ಸಂಜೆಯೊಳಗೆ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ, ಕೆಲವು ಬೇಸ್‌ಬಾಲ್ ಮತ್ತು ಫುಟ್‌ಬಾಲ್ ಪಂದ್ಯಗಳು ನಿಂತವು. ಟೆನಿಸ್‌ನಲ್ಲಿ ನವೊಮಿ ಒಸಾಕಾ ತನ್ನ ಸೆಮಿಫೈನಲ್ ಆಡುವುದಿಲ್ಲ ಎಂದರು.

ಆ ರಾತ್ರಿಯ ಸಭೆ

ಆ ರಾತ್ರಿ ಹೋಟೆಲ್ಲಿನ ಸಭಾಂಗಣದಲ್ಲಿ ಆಟಗಾರರು ಸೇರಿದರು. 16ರಲ್ಲಿ ಮೂರು ತಂಡಗಳು ಅದಾಗಲೇ ಸೋತು ಹೊರಟಿದ್ದವು. ಉಳಿದ 13 ತಂಡಗಳವರೆಲ್ಲ ಆವರಣದಲ್ಲೇ ಇದ್ದರು. ಸಭೆ ಸುಗಮವಾಗಿರಲಿಲ್ಲ. ಯಾರಿಗೂ ಹೇಳದೆ ಕೇಳದೆ ಬಕ್ಸ್ ಈ ಹೆಜ್ಜೆ ಇಟ್ಟಿತೆಂದು ಹಲವರಿಗೆ ಅಸಮಾಧಾನವಿತ್ತು. ಮುಂದಿನ ಯೋಜನೆ ಏನು ಎಂದು ಕೇಳಿದಾಗ ಉತ್ತರ ಸ್ಪಷ್ಟವಿರಲಿಲ್ಲ. ಲೇಕರ್ಸ್ ಮತ್ತು ಕ್ಲಿಪ್ಪರ್ಸ್, ಅಂದರೆ ಪ್ರಶಸ್ತಿಗೆ ಅತಿ ಹತ್ತಿರವಿದ್ದ ಎರಡು ತಂಡಗಳು, ಟೂರ್ನಿಯನ್ನೇ ಕೈಬಿಡೋಣ ಎಂಬ ಕಡೆಗೆ ಒಲವು ತೋರಿದವು ಎಂದು ಆಗಿನ ವರದಿಗಳು ಹೇಳುತ್ತವೆ. ಸಂಘದ ಅಧ್ಯಕ್ಷ ಕ್ರಿಸ್ ಪಾಲ್ ಮತ್ತು ಲೆಬ್ರಾನ್ ಮಾಜಿ ಅಧ್ಯಕ್ಷ ಬರಾಕ್ ಒಬಾಮಾ ಜೊತೆ ಮಾತನಾಡಿದರು. ಆಡುತ್ತ ನಿರ್ದಿಷ್ಟ ಬೇಡಿಕೆಗಳನ್ನು ಗೆದ್ದುಕೊಳ್ಳಿ ಎಂಬುದು ಒಬಾಮಾ ಸಲಹೆ.

ಮರುದಿನ ಸಿಟ್ಟು ಇಳಿದಿತ್ತು, ಲೆಕ್ಕಾಚಾರ ಏರಿತ್ತು. ಹೊರಟುಹೋದರೆ ಒಪ್ಪಂದ ಮುರಿದುಬೀಳುವ ಅಪಾಯ. ದೊಡ್ಡ ತಾರೆಗಳು ಅದನ್ನು ತಾಳಿಕೊಂಡಾರು, ಬೆಂಚಿನ ಕೊನೆಯಲ್ಲಿ ಕೂರುವವರು ತಾಳಿಕೊಳ್ಳಲಾರರು. ಅಲ್ಲದೆ, ಆವರಣ ಬಿಟ್ಟ ಮೇಲೆ ಎಲ್ಲರೂ ತಮ್ಮ ತಮ್ಮ ಊರಿಗೆ. ಮತ್ತೆ ಒಂದೆಡೆ ಸೇರುವುದು ಯಾವಾಗ? ಆಡುವುದೆಂದು ತೀರ್ಮಾನವಾಯಿತು.

ಆಗಸ್ಟ್ 28ರಂದು ಸಿಲ್ವರ್ ಮತ್ತು ಸಂಘದ ಕಾರ್ಯನಿರ್ವಾಹಕ ನಿರ್ದೇಶಕಿ ಮಿಷೆಲ್ ರಾಬರ್ಟ್ಸ್ ಜಂಟಿ ಹೇಳಿಕೆ ನೀಡಿದರು. ಆಟಗಾರರು, ಕೋಚ್‌ಗಳು, ಮಾಲೀಕರು ಸೇರಿದ ಸಾಮಾಜಿಕ ನ್ಯಾಯ ಕೂಟವೊಂದು ರಚನೆಯಾಗಬೇಕು. ಪ್ರತಿ ಪ್ಲೇಆಫ್ ಪಂದ್ಯದ ಪ್ರಸಾರದಲ್ಲಿ ಮತದಾನದ ಅರಿವಿನ ಜಾಹೀರಾತು ಬರಬೇಕು. ತಂಡಗಳ ಒಡೆತನದಲ್ಲಿರುವ ಕ್ರೀಡಾಂಗಣಗಳನ್ನು ನವೆಂಬರ್ ಚುನಾವಣೆಗೆ ಮತಗಟ್ಟೆಗಳಾಗಿ ಮಾಡಲು ಸ್ಥಳೀಯ ಚುನಾವಣಾ ಅಧಿಕಾರಿಗಳೊಂದಿಗೆ ಮಾತನಾಡಬೇಕು. ಮರುದಿನ ಪಂದ್ಯಗಳು ಆರಂಭವಾದವು. ಬಕ್ಸ್ 118–104ರಿಂದ ಮ್ಯಾಜಿಕ್ ತಂಡವನ್ನು ಸೋಲಿಸಿ ಸರಣಿ ಮುಗಿಸಿತು.

ಅಲ್ಲೇ ಏಕೆ ಸಾಧ್ಯವಾಯಿತು

ಎನ್‌ಬಿಎಯಲ್ಲಿ ಆಡಲು ನಿರಾಕರಿಸಿದ ಇತಿಹಾಸ ಹಳೆಯದು. 1959ರಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ ಹೋಟೆಲ್ ತನಗೂ ಕಪ್ಪು ಸಹ ಆಟಗಾರರಿಗೂ ಕೋಣೆ ಕೊಡದಿದ್ದಾಗ ಎಲ್ಜಿನ್ ಬೇಲರ್ ಬಟ್ಟೆ ಬದಲಿಸದೆ ಕುಳಿತರು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕಾಫಿ ಅಂಗಡಿಯಲ್ಲಿ ತಿಂಡಿ ನಿರಾಕರಿಸಿದ್ದಕ್ಕೆ ಬಿಲ್ ರಸೆಲ್ ಮತ್ತು ಕಪ್ಪು ಸಹ ಆಟಗಾರರು ಊರು ಬಿಟ್ಟರು. ಎರಡೂ ಸಲ ಪಂದ್ಯ ನಡೆಯಿತು. ಉಳಿದವರು ಆಡಿದರು.

ಪಂದ್ಯ ಆಡಿಸುವವರು ಮಣಿದ ಹಳೆಯ ನಿದರ್ಶನ 1964ರದು. ಬಾಸ್ಟನ್‌ನಲ್ಲಿ ಆಲ್‌ಸ್ಟಾರ್ ಪಂದ್ಯದ ರಾತ್ರಿ, ಟಿವಿ ನೇರ ಪ್ರಸಾರ ಕಾಯುತ್ತಿರುವಾಗ, ಪಿಂಚಣಿಯ ಭರವಸೆ ಸಿಗದೆ ಆಡುವುದಿಲ್ಲ ಎಂದು ಎರಡೂ ಬದಿಯ ತಾರೆಗಳು ಡ್ರೆಸಿಂಗ್ ರೂಮಿನಲ್ಲೇ ಉಳಿದರು. ಅಂದಿನ ಮುಖ್ಯಸ್ಥ ವಾಲ್ಟರ್ ಕೆನಡಿ ಮಾತು ಕೊಟ್ಟ ಮೇಲೆಯೇ ಆಟ. ಎಲ್ಲ ತಂಡಗಳ ಮುಖ್ಯ ಆಟಗಾರರು ಒಂದೇ ಸೂರಿನಡಿ ಸಿಗುವ ರಾತ್ರಿ ವರ್ಷಕ್ಕೆ ಅದೊಂದೇ ಇತ್ತು. 2020ರಲ್ಲಿ ಓರ್ಲ್ಯಾಂಡೊದ ಏರ್ಪಾಡು ಅಂಥ ರಾತ್ರಿಗಳನ್ನು ಸಾಲಾಗಿ ಒದಗಿಸಿತು. ಎದುರಾಳಿಗಳು ಒಂದೇ ಹೋಟೆಲ್ಲಿನ ಕಾರಿಡಾರಿನಲ್ಲಿ ಎದುರಾಗುತ್ತಿದ್ದರು. ಆಗಸ್ಟ್ 27ಕ್ಕೆ ನಿಗದಿಯಾಗಿದ್ದ ತಮ್ಮ ಪಂದ್ಯವನ್ನು ಬಿಡಬೇಕೇ ಎಂದು ಟೊರಾಂಟೊ ಮತ್ತು ಬಾಸ್ಟನ್ ಆಟಗಾರರು ಬಕ್ಸ್‌ಗಿಂತಲೂ ಮೊದಲೇ ಚರ್ಚೆ ಶುರುಮಾಡಿದ್ದರು. ಊರೂರಿನ ಕ್ರೀಡಾಂಗಣಗಳಲ್ಲಿ ಹಂಚಿಹೋಗಿದ್ದರೆ ಅದೇ ಸಂಜೆ ಸಭೆ ಸೇರುವ ಮಾತು ದೂರವೇ ಉಳಿಯುತ್ತಿತ್ತು.

ಬಂದದ್ದೇನು, ಬಾರದ್ದೇನು

ವಿಸ್ಕಾನ್ಸಿನ್ ಗವರ್ನರ್ ಟೋನಿ ಎವರ್ಸ್ ಆಗಸ್ಟ್ 31ರಂದು ಕರೆದ ಶಾಸನಸಭೆಯ ವಿಶೇಷ ಅಧಿವೇಶನ ಆರಂಭವಾದ ಕ್ಷಣದಲ್ಲೇ ಚರ್ಚೆಯಿಲ್ಲದೆ ಮುಗಿಯಿತು. ಬಕ್ಸ್ ಆಟಗಾರರ ಏಕೈಕ ನಿರ್ದಿಷ್ಟ ಬೇಡಿಕೆ ಅಲ್ಲಿಗೆ ಬಿದ್ದುಹೋಯಿತು. ಮತಗಟ್ಟೆಯ ಕೆಲಸ ಹೆಚ್ಚು ದೂರ ಸಾಗಿತು: ಅಟ್ಲಾಂಟಾ, ಲಾಸ್ ಏಂಜಲಿಸ್ ಮೊದಲಾದೆಡೆ ಜನರು ಬಾಸ್ಕೆಟ್‌ಬಾಲ್ ಕ್ರೀಡಾಂಗಣಗಳಲ್ಲೇ ಮತ ಹಾಕಿದರು. ಆದರೆ ಮಿಲ್ವಾಕೀಯ ಚುನಾವಣಾ ಅಧಿಕಾರಿಗಳು ಕಾನೂನಿನ ತೊಡಕಿಗೆ ಹೆದರಿ ಬಕ್ಸ್‌ನ ತವರು ಕ್ರೀಡಾಂಗಣವನ್ನು ಕೈಬಿಟ್ಟರು. ಮಯಾಮಿಯಲ್ಲೂ ಹೀಟ್‌ನ ಕ್ರೀಡಾಂಗಣ ಬೇಡವೆಂದು ಪಕ್ಕದ ವಸ್ತುಸಂಗ್ರಹಾಲಯವನ್ನು ಆರಿಸಲಾಯಿತು. ಎರಡನೆಯ ಸುತ್ತಿನಲ್ಲಿ ಮುಖಾಮುಖಿಯಾದವು ಇವೇ ಎರಡು ತಂಡಗಳು. ಐದನೆಯ ಕ್ರಮಾಂಕದ ಹೀಟ್ ಲೀಗಿನ ಅಗ್ರ ತಂಡ ಬಕ್ಸ್ ಅನ್ನು 4–1ರಿಂದ ಹೊರಹಾಕಿತು. ತವರಿನಲ್ಲಿ ಹೀಗಾಗುತ್ತಿತ್ತೇ ಎಂದು ಮಿಲ್ವಾಕೀ ಅಭಿಮಾನಿಗಳು ಈಗಲೂ ವಾದಿಸುತ್ತಾರೆ. ತಾರೆ ಯಾನಿಸ್ ಅಂಟೆಟೊಕುಂಪೊ ಆ ಸರಣಿಯಲ್ಲಿ ಕಾಲುಳುಕಿಸಿಕೊಂಡಿದ್ದನ್ನು ಎದುರು ಪಕ್ಷ ಮರೆಯಬಾರದು.

ಟೂರ್ನಿಯ ಉಳಿದ ಭಾಗ ಆಟದ ದೃಷ್ಟಿಯಿಂದ ರೋಚಕವೇ. ಡೆನ್ವರ್ ನಗೆಟ್ಸ್ ಒಂದೇ ಪ್ಲೇಆಫ್‌ನಲ್ಲಿ ಎರಡು ಸಲ 1–3ರ ಹಿನ್ನಡೆಯಿಂದ ಎದ್ದು ಬಂದಿತು. ಅದಕ್ಕೆ ಮುಂಚೆ ಯಾರೂ ಹಾಗೆ ಮಾಡಿರಲಿಲ್ಲ. ಅಕ್ಟೋಬರ್ 11ರಂದು ಲೇಕರ್ಸ್ 4–2ರಿಂದ ಹೀಟ್ ತಂಡವನ್ನು ಮಣಿಸಿ 17ನೆಯ ಪ್ರಶಸ್ತಿ ಪಡೆಯಿತು. ಟೂರ್ನಿ ಬಿಟ್ಟುಬಿಡೋಣ ಎಂದು ಆ ರಾತ್ರಿ ವಾಲಿದ್ದ ತಂಡವೇ ಕಪ್ ಎತ್ತಿತು.

ಮುಂದಿನ ಋತುವನ್ನು ಲೀಗ್ ಡಿಸೆಂಬರ್‌ನಲ್ಲಿ ಆರಂಭಿಸಿದಾಗ ಬಬಲ್ ಇರಲಿಲ್ಲ. ತಂಡಗಳು ತಮ್ಮ ತಮ್ಮ ಊರುಗಳಿಗೆ ಮರಳಿದ್ದವು. ಸೋಂಕಿನಿಂದ ಹಲವು ಪಂದ್ಯಗಳು ಮುಂದಕ್ಕೆ ಹೋದವು. 2021ರ ಜನವರಿ 5ರಂದು ಕೆನೋಶಾದ ಜಿಲ್ಲಾ ಅಟಾರ್ನಿ, ಬ್ಲೇಕ್ ಮೇಲೆ ಗುಂಡು ಹಾರಿಸಿದ ಅಧಿಕಾರಿಯ ವಿರುದ್ಧ ಮೊಕದ್ದಮೆ ಹೂಡುವುದಿಲ್ಲ ಎಂದು ಪ್ರಕಟಿಸಿದರು. ಮರುದಿನ ವಾಷಿಂಗ್ಟನ್‌ನಲ್ಲಿ ಸಂಸತ್ ಭವನಕ್ಕೆ ಗುಂಪು ನುಗ್ಗಿತು. ಆ ರಾತ್ರಿ ಮಯಾಮಿಯಲ್ಲಿ ಹೀಟ್ ಮತ್ತು ಬಾಸ್ಟನ್ ಆಟಗಾರರು ಆಡಬೇಕೋ ಬೇಡವೋ ಎಂದು ಚರ್ಚಿಸಿ, ಜಂಟಿ ಹೇಳಿಕೆ ಹೊರಡಿಸಿ, ಆಡಿದರು. ಮಿಲ್ವಾಕೀಯಲ್ಲಿ ಬಕ್ಸ್ ಮತ್ತು ಡೆಟ್ರಾಯಿಟ್ ಪಿಸ್ಟನ್ಸ್ ಆಟಗಾರರು ಪಂದ್ಯದ ಆರಂಭದಲ್ಲಿ ಮಂಡಿಯೂರಿ ಚೆಂಡನ್ನು ಬೇಕೆಂದೇ ಬಿಟ್ಟುಕೊಟ್ಟರು. ಆಮೇಲೆ ಅಲ್ಲೂ ಪಂದ್ಯ ಎಂದಿನಂತೆ ನಡೆಯಿತು.